ತಲೆಯೊಳಗಣ ಗಡ್ಡೆಗೆ ಯಾವ ಸ್ಕ್ಯಾನು?

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ರಾಯಚೂರಿನ ಕಡೆಗೋ ಬಳ್ಳಾರಿಯ ಕಡೆಗೋ ಹೊರಡುವ ಬಸ್ಸನ್ನು ಕಾಯುತ್ತ ಕುಳಿತವರಲ್ಲಿ, ಒಂದು ಕೈಯಲ್ಲಿ ಬುತ್ತಿಯ ಗಂಟನ್ನೂ ಇನ್ನೊಂದು ಕೈಯಲ್ಲಿ ಮೊಳದುದ್ದದ ಸ್ಕ್ಯಾನ್ ಕವರನ್ನೂ ಹಿಡಿದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಆ ಕವರನ್ನು ಅವರು ಹಿಡಿಯುವ ರೀತಿಯನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ: ಮಡಚದಂತೆ, ಬಿಸಿಲು ತಾಗದಂತೆ, ಯಾರ ಕಾಲೂ ಸೋಕದಂತೆ, ಹೊಲದ ಪಹಣಿಯನ್ನು ಕಚೇರಿಗೆ ಒಯ್ಯುವವರ ಭಯಭಕ್ತಿಯಿಂದ ಹಿಡಿದಿರುತ್ತಾರೆ. ಒಳಗೇನಿದೆಯೆಂದು ಕೇಳಿದರೆ "ತಲಿ ಸ್ಕ್ಯಾನ್ ಐತ್ರಿ" ಎಂಬ ಉತ್ತರ ಬರುತ್ತದೆ. ಯಾವ ಸ್ಕ್ಯಾನು ಎಂದು ಮತ್ತೆ ಕೇಳಿದರೆ, "ದೊಡ್ಡ ಸ್ಕ್ಯಾನ್ ನೋಡ್ರಿ, ರೊಕ್ಕ ಭಾಳ ಹತ್ತಿತು" ಎನ್ನುತ್ತಾರೆ. ಸ್ಕ್ಯಾನುಗಳಲ್ಲಿ ಸಣ್ಣದು ದೊಡ್ಡದು ಎಂಬ ಈ ಭೇದವು ರೊಕ್ಕದ ಲೆಕ್ಕದಲ್ಲಿ ನಿಜವಿದ್ದೀತು. ರೋಗದ ಲೆಕ್ಕದಲ್ಲಿ ನಿಜವಲ್ಲ. ಯಂತ್ರವು ತನ್ನನ್ನು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಕೇಳುವವರಿಗೇ ಪ್ರಶ್ನೆ ಸ್ಪಷ್ಟವಿಲ್ಲದಿದ್ದಲ್ಲಿ ಎಷ್ಟು ಬೆಲೆಯ ಯಂತ್ರವಾದರೂ ತಡವರಿಸುತ್ತದೆ.

ಈ ಮಾತು ನನಗೆ ಮನದಟ್ಟಾದದ್ದು ನಮ್ಮ ಸಂಬಂಧಿಕರೊಬ್ಬರ ದೆಸೆಯಿಂದ. ಅವರು ಮಸ್ಕಿಯ ಸಮೀಪದ ಹಳ್ಳಿಯೊಂದರ ರೈತರು, ನಲವತ್ತು ದಾಟಿದ ವಯಸ್ಸು, ಅದುವರೆಗೆ ಜ್ವರದ ಗುಳಿಗೆಯ ಹೊರತು ಬೇರೆ ಔಷಧವನ್ನು ಕಂಡವರಲ್ಲ. ಒಂದು ಮುಂಜಾನೆ ಗದ್ದೆಗೆ ನೀರು ಕಟ್ಟುತ್ತಿದ್ದಾಗ ಬಲಗೈಯ ಬೆರಳುಗಳು ತಾವಾಗಿಯೇ ಅದುರತೊಡಗಿ, ಆ ಅದುರು ಮೊಣಕೈಗೂ ಭುಜಕ್ಕೂ ಮುಖದ ಒಂದು ಮಗ್ಗುಲಿಗೂ ಏರಿ, ನೋಡುನೋಡುತ್ತಿರುವಂತೆಯೇ ಅವರು ಬದುವಿನ ಮೇಲೆ ಉರುಳಿದರು. ಸುತ್ತಲಿದ್ದವರು ಓಡಿಬಂದು ಕೈಗೆ ಕೀಲಿಗೊಂಚಲನ್ನು ಹಿಡಿಸಿದರು, ಮೂಗಿಗೆ ಈರುಳ್ಳಿಯನ್ನು ಒಡ್ಡಿದರು. ಎರಡರಿಂದಲೂ ಆಗತಕ್ಕ ಉಪಕಾರ ಏನೂ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರವನ್ನು ನೋಡುತ್ತ, ಐದು ನಿಮಿಷದೊಳಗೆ ಸೆಳವು ನಿಲ್ಲದಿದ್ದರೆ 108ಕ್ಕೆ ಕರೆ ಮಾಡುವುದಷ್ಟೇ ಆಗ ಮಾಡತಕ್ಕ ಕೆಲಸ.

ಆಮೇಲಿನ ಕಥೆ ಈ ಸೀಮೆಯವರಿಗೆ ಪರಿಚಿತವಾದದ್ದೇ. ಯಾರೋ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ "ತಲೆ ಸ್ಕ್ಯಾನ್" ಎಂಬ ಎರಡು ಪದಗಳ ಹೊರತು ಮತ್ತೇನೂ ಇರಲಿಲ್ಲ. ಬಲಗೈಯಿಂದ ಸೆಳವು ಆರಂಭವಾಯಿತೆಂದಾಗಲಿ, ಗಡ್ಡೆಯ ಸಂದೇಹವಿದೆಯೆಂದಾಗಲಿ ಯಾರೂ ಬರೆಯಲಿಲ್ಲ. ಒಂದು ಊರಿನಲ್ಲಿ ಸಾದಾ ಸಿಟಿ ಸ್ಕ್ಯಾನು ಆಯಿತು. ಎಡಮೆದುಳಿನಲ್ಲಿ ಊತದ ಮಬ್ಬು ಕಾಣುತ್ತದೆ, ಎಂಆರ್‌ಐ ಮಾಡಿಸಿರಿ ಎಂದರು. ವಾರ ಬಿಟ್ಟು ಮತ್ತೊಂದು ಊರಿನಲ್ಲಿ ಎಂಆರ್‌ಐ ಆಯಿತು. ಅದು ಕಾಂಟ್ರಾಸ್ಟ್ ಔಷಧವಿಲ್ಲದ ಎಂಆರ್‌ಐ ಆದುದರಿಂದ, ಗಡ್ಡೆಯ ಅನುಮಾನವಿದೆ, ಔಷಧ ಕೊಟ್ಟು ಪುನಃ ಮಾಡಿಸಿರಿ ಎಂದರು. ಮೂರನೆಯ ಸಲ ಹೋಗುವ ಹೊತ್ತಿಗೆ ಹತ್ತಿ ಮಾರಿದ ರೊಕ್ಕವು ಕರಗಿತ್ತು, ಮನೆಯವರು ಮನಸ್ಸಿನಲ್ಲಿಯೇ ಅರ್ಧ ಸಂಸ್ಕಾರವನ್ನು ಮುಗಿಸಿದ್ದರು. ಕಟ್ಟಕಡೆಗೆ ಕಂಡದ್ದೇನು ಎಂಬುದನ್ನು ಮುಂದೆ ಹೇಳುತ್ತೇನೆ.

ಯಂತ್ರದ ಮಾತಿಗೆ ಮೊದಲು ಲಕ್ಷಣದ ಮಾತು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಕಡೆ ತಲೆನೋವು ಬರದವರು ಯಾರು? ಬಿಸಿಲಿಗೆ, ಹಸಿವೆಗೆ, ನಿದ್ದೆಗೇಡಿಗೆ, ಕಣ್ಣಿನ ದೋಷಕ್ಕೆ, ಅರೆತಲೆಶೂಲೆಗೆ ಬರುವ ನೋವುಗಳ ಮುಂದೆ ಗಡ್ಡೆಯಿಂದ ಬರುವ ನೋವಿನ ಪಾಲು ಅತ್ಯಲ್ಪವಾದದ್ದು. ಆದುದರಿಂದ ತಲೆ ನೋಯಿತೆಂದೊಡನೆ ಸ್ಕ್ಯಾನಿಗೆ ಓಡುವುದು ಸಲ್ಲದು. ಆದರೆ ಹಿಂದೆಂದೂ ಇಲ್ಲದ ನೋವು ಹೊಸದಾಗಿ ಬಂದು, ದಿನದಿಂದ ದಿನಕ್ಕೆ ಬೆಳೆಯುತ್ತ, ಬೆಳಿಗ್ಗೆ ಏಳುವಾಗ ಹೆಚ್ಚಾಗಿ, ಕೆಮ್ಮಿದರೆ ಬಗ್ಗಿದರೆ ಉಲ್ಬಣಿಸಿ, ಅದರೊಡನೆ ವಾಂತಿಯೂ ಸೇರಿಕೊಂಡರೆ, ವಯಸ್ಕರಿಗೆ ಬಾಳಿನಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದರೆ, ಒಂದು ಮಗ್ಗುಲಿನ ಕೈಕಾಲು ನಿಧಾನವಾಗಿ ಸೋಲುತ್ತ ಬಂದರೆ, ಮಾತು ತಡವರಿಸಿದರೆ, ದೃಷ್ಟಿ ಮಸುಕಾದರೆ ಅಥವಾ ಒಂದು ಎರಡಾಗಿ ಕಂಡರೆ, ಒಂದೇ ಕಿವಿಯ ಕೇಳ್ಮೆ ಕುಂದಿದರೆ, ನಡಿಗೆ ತೂರಾಡಿದರೆ, ಶಾಂತರಾಗಿದ್ದವರ ಸ್ವಭಾವವೇ ಮನೆಯವರಿಗೆ ಗುರುತು ಸಿಗದಂತೆ ಬದಲಾದರೆ, ಆಗ ವಿಳಂಬ ಕೂಡದು. ಗರ್ಭವಿಲ್ಲದೆ ಎದೆಹಾಲು ಬರುವುದು, ಅಕಾಲದಲ್ಲಿ ಮುಟ್ಟು ನಿಲ್ಲುವುದು, ಇವುಗಳ ಮೂಲವೂ ಕೆಲವೊಮ್ಮೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಯಲ್ಲಿರುವುದುಂಟು. ಹೇಳಲು ಸಂಕೋಚಪಡುವ ಹೆಣ್ಣುಮಕ್ಕಳು ವರ್ಷಗಟ್ಟಲೆ ಇದನ್ನು ನುಂಗಿಕೊಂಡಿರುತ್ತಾರೆಂಬುದರಿಂದ ಈ ಮಾತನ್ನು ಪ್ರತ್ಯೇಕವಾಗಿ ಬರೆದೆ.

ಈಗ ಸಿಟಿ ಸ್ಕ್ಯಾನಿನ ವಿಚಾರ. ಇದರ ಜನ್ಮವೇ ಮೆದುಳಿನ ಗಡ್ಡೆಯ ಹುಡುಕಾಟದಲ್ಲಿ ಆದದ್ದು ಎಂಬುದು ಕುತೂಹಲಕರ ಸಂಗತಿ. 1971ನೆಯ ಇಸವಿ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ, ಗ್ರಾಮಫೋನ್ ತಟ್ಟೆಗಳಿಗೆ ಪ್ರಸಿದ್ಧವಾದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರಚಿಸಿದ ಯಂತ್ರದೊಳಗೆ ಗಡ್ಡೆಯ ಸಂದೇಹವಿದ್ದ ಮಹಿಳೆಯೊಬ್ಬರ ತಲೆಯನ್ನು ಇಟ್ಟು ಚಿತ್ರ ತೆಗೆದರು. ಮೆದುಳಿನ ಮುಂಭಾಗದಲ್ಲಿ ಗಡ್ಡೆಯು ಸ್ಪಷ್ಟವಾಗಿ ಗೋಚರಿಸಿತು. ಅದಕ್ಕೆ ಹಿಂದೆ ಬದುಕಿರುವ ಮನುಷ್ಯನ ಮೆದುಳನ್ನು ಬುರುಡೆ ತೆರೆಯದೆ ನೇರವಾಗಿ ಕಾಣುವ ಉಪಾಯವೇ ಇರಲಿಲ್ಲ. ಬೆನ್ನುಹುರಿಯ ದ್ರವವನ್ನು ಹೊರತೆಗೆದು ಅದರ ಸ್ಥಾನಕ್ಕೆ ಗಾಳಿಯನ್ನು ತುಂಬಿ ಕ್ಷ-ಕಿರಣದ ಚಿತ್ರ ತೆಗೆಯುವ, ರೋಗಿಗೆ ಅಸಹನೀಯವಾದ ತಲೆಶೂಲೆಯನ್ನು ತರುವ ಪದ್ಧತಿಯೊಂದಿತ್ತು. ಹೌನ್ಸ್‌ಫೀಲ್ಡರಿಗೆ 1979ರಲ್ಲಿ ಅಲನ್ ಕಾರ್ಮಕ್ ಅವರೊಡನೆ ನೊಬೆಲ್ ಬಹುಮಾನ ಬಂತು. ಯಂತ್ರದ ತತ್ತ್ವವು ಸರಳ: ಈರುಳ್ಳಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಒಂದೊಂದನ್ನೂ ನೋಡಿದಂತೆ, ತಲೆಯ ಸುತ್ತ ಕ್ಷ-ಕಿರಣವನ್ನು ಸುತ್ತಿಸಿ, ಒಂದೊಂದು ಪದರದ ಚಿತ್ರವನ್ನು ಗಣಕಯಂತ್ರವು ಕಟ್ಟಿಕೊಡುತ್ತದೆ.

ಸಿಟಿಯ ಗುಣವು ಅದರ ವೇಗದಲ್ಲಿದೆ. ರೋಗಿ ಎಚ್ಚರ ತಪ್ಪಿದ್ದಾರೆ, ಹಠಾತ್ತಾಗಿ ಸಿಡಿಲು ಬಡಿದಂತೆ ತಲೆನೋವು ಬಂದಿದೆ, ಬಿದ್ದು ಪೆಟ್ಟಾಗಿದೆ, ಫಿಟ್ಸ್ ನಿಲ್ಲುತ್ತಿಲ್ಲ ಎಂಬಂಥ ಸಂದರ್ಭದಲ್ಲಿ ಎಂಆರ್‌ಐ ಬೇಕೆಂದು ಹಟ ಹಿಡಿಯುವುದು ಅವಿವೇಕ. ರಕ್ತಸ್ರಾವವಾಗಿದೆಯೆ, ಮೆದುಳಿನ ನೀರಿನ ಹಾದಿ ಕಟ್ಟಿಕೊಂಡಿದೆಯೆ, ದೊಡ್ಡ ಗಡ್ಡೆಯೊಂದು ಮೆದುಳನ್ನು ಒಂದು ಮಗ್ಗುಲಿಗೆ ಒತ್ತಿದೆಯೆ ಎಂಬ ಪ್ರಾಣಾಂತಿಕ ಪ್ರಶ್ನೆಗಳಿಗೆ ಸಿಟಿಯು ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಮೂಳೆಯ ಸವೆತವನ್ನೂ ಗಡ್ಡೆಯೊಳಗಿನ ಸುಣ್ಣದ ಕಣಗಳನ್ನೂ ಅದು ಎಂಆರ್‌ಐಗಿಂತ ಚೆನ್ನಾಗಿ ತೋರಿಸುತ್ತದೆ. ಇದರಲ್ಲಿ ಕ್ಷ-ಕಿರಣ ಇರುವುದು ನಿಜ. ಒಂದು ತಲೆಯ ಸಿಟಿಗೆ ಸುಮಾರು 2 ಮಿಲಿಸೀವರ್ಟ್, ಎಂದರೆ ಮಣ್ಣು ಆಕಾಶಗಳಿಂದ ನಾವು ಒಂದು ವರ್ಷದಲ್ಲಿ ತಾನಾಗಿ ಪಡೆಯುವ ವಿಕಿರಣಕ್ಕೆ ಹೆಚ್ಚುಕಡಿಮೆ ಸಮ. ಅಗತ್ಯವಿದ್ದಾಗ ಅಂಜತಕ್ಕದ್ದಲ್ಲ; ಅಗತ್ಯವಿಲ್ಲದೆ, ಅದರಲ್ಲಿಯೂ ಎಳೆಯ ಮಕ್ಕಳಿಗೆ, ಮತ್ತೆ ಮತ್ತೆ ಮಾಡಿಸತಕ್ಕದ್ದೂ ಅಲ್ಲ.

ಅದರ ದೋಷವನ್ನೂ ಹೇಳಬೇಕು. ಸಾದಾ ಸಿಟಿಯಲ್ಲಿ ಸಣ್ಣ ಗಡ್ಡೆಗಳು ತಪ್ಪಿಸಿಕೊಳ್ಳುತ್ತವೆ. ತಲೆಯ ಹಿಂಬದಿಯ ತಳದಲ್ಲಿ, ಕಿರುಮೆದುಳು ಮತ್ತು ಮೆದುಳಿನ ಕಾಂಡ ಇರುವ ಎಡೆಯಲ್ಲಿ, ದಪ್ಪನೆಯ ಮೂಳೆಗಳು ಕಿರಣವನ್ನು ತಡೆದು ಚಿತ್ರದ ಮೇಲೆ ಪಟ್ಟೆಪಟ್ಟೆಯಾಗಿ ನೆರಳು ಚೆಲ್ಲುತ್ತವೆ. ಮಕ್ಕಳ ಗಡ್ಡೆಗಳಲ್ಲಿ ಬಹಳಷ್ಟು ಅದೇ ಎಡೆಯಲ್ಲಿ ಹುಟ್ಟತಕ್ಕವು. ಆದುದರಿಂದ ಲಕ್ಷಣಗಳು ಬೆಳೆಯುತ್ತಲೇ ಇದ್ದು "ಸಿಟಿ ನಾರ್ಮಲ್ ಐತಿ, ಏನೂ ಇಲ್ಲ" ಎಂದು ಯಾರಾದರೂ ಹೇಳಿದರೆ, ಅಲ್ಲಿಗೆ ಸಮಾಧಾನಪಟ್ಟುಕೊಂಡು ಕೂರಬಾರದು.

ಆತುರವಿಲ್ಲದ ಸಂದರ್ಭದಲ್ಲಿ, ಗಡ್ಡೆ ಇದೆಯೆ ಇಲ್ಲವೆ ಎಂಬುದೇ ಪ್ರಶ್ನೆಯಾಗಿದ್ದಾಗ, ಸರಿಯಾದ ಪರೀಕ್ಷೆ ಎಂಆರ್‌ಐ. ಅದೂ ಕಾಂಟ್ರಾಸ್ಟ್ ಔಷಧಕ್ಕೆ ಮೊದಲೊಮ್ಮೆ, ಔಷಧ ಕೊಟ್ಟ ನಂತರ ಮತ್ತೊಮ್ಮೆ ಚಿತ್ರ ತೆಗೆದ ಎಂಆರ್‌ಐ. ಇಲ್ಲಿ ಕ್ಷ-ಕಿರಣವಿಲ್ಲ. ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಕಣಗಳನ್ನು ಬಲವಾದ ಅಯಸ್ಕಾಂತದಿಂದ ಒಂದು ಸಾಲಿಗೆ ತಂದು, ರೇಡಿಯೋ ತರಂಗದಿಂದ ಕದಲಿಸಿ, ಅವು ಮರಳಿ ನೆಲೆಗೆ ಬರುವಾಗ ಹೊರಡುವ ಸಂಜ್ಞೆಯನ್ನು ಹಿಡಿದು ಚಿತ್ರ ಬರೆಯುತ್ತಾರೆ. ಈ ಶೋಧನೆಗೆ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ 2003ರಲ್ಲಿ ನೊಬೆಲ್ ಪಡೆದರು. ಸಾಮಾನ್ಯವಾಗಿ ಕಾಣಸಿಗುವ ಯಂತ್ರ 1.5 ಟೆಸ್ಲಾದ್ದು, ಎಂದರೆ ಭೂಮಿಯ ಅಯಸ್ಕಾಂತತ್ವದ ಸುಮಾರು 30,000 ಪಟ್ಟು. 3 ಟೆಸ್ಲಾದ ಯಂತ್ರಗಳೂ ಇವೆ. ಮೂರರ ಯಂತ್ರವೇ ಬೇಕೆಂದು ದೂರದ ನಗರಕ್ಕೆ ಓಡುವವರನ್ನು ಕಂಡಿದ್ದೇನೆ. ಸರಿಯಾಗಿ ಮಾಡಿದ ಒಂದೂವರೆಯ ಚಿತ್ರವು ಬಹುತೇಕ ಗಡ್ಡೆಗಳಿಗೆ ಸಾಕು. ಅವಸರದಲ್ಲಿ ಮಾಡಿದ ಮೂರರ ಚಿತ್ರಕ್ಕಿಂತ ಅದು ಮೇಲು.

ಕಾಂಟ್ರಾಸ್ಟ್ ಎಂದರೆ ರಕ್ತನಾಳಕ್ಕೆ ಕೊಡುವ ಗಡೋಲಿನಿಯಂ ಎಂಬ ಲೋಹದ ಔಷಧ. ಆರೋಗ್ಯವಂತ ಮೆದುಳಿನ ರಕ್ತನಾಳಗಳು ಇಂತಹ ವಸ್ತುವನ್ನು ಹೊರಕ್ಕೆ ಬಿಡುವುದಿಲ್ಲ. ಗಡ್ಡೆಯ, ಸೋಂಕಿನ, ಬಾವಿನ ಎಡೆಯಲ್ಲಿ ಆ ಕಟ್ಟೆ ಒಡೆದಿರುವುದರಿಂದ ಔಷಧವು ಅಲ್ಲಿ ಜಿನುಗಿ, ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಾಲುವೆಯ ಗೋಡೆ ಎಲ್ಲಿ ಬಿರುಕು ಬಿಟ್ಟಿದೆಯೆಂಬುದು ಪಕ್ಕದ ಹೊಲದ ಹಸಿಯಿಂದ ತಿಳಿಯುವ ಹಾಗೆಯೇ ಇದು; ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕಟ್ಟಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಸಂಬಂಧಿಕರಿಗೆ ಮೊದಲ ಎರಡು ಪರೀಕ್ಷೆಗಳಲ್ಲಿ ಆಗದೆ ಹೋದದ್ದು ಇದೇ. ಈ ಔಷಧ ಕೊಡುವ ಮೊದಲು ಮೂತ್ರಪಿಂಡದ ಬಲವನ್ನು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಕೇಳುವುದುಂಟು. ಸಕ್ಕರೆ ಕಾಯಿಲೆಯವರೂ ಕಿಡ್ನಿಯ ತೊಂದರೆಯವರೂ ಅದನ್ನು ಊರಿನಲ್ಲಿಯೇ ಮಾಡಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ಗರ್ಭಿಣಿಯರಿಗೆ ಈ ಔಷಧವನ್ನು ಅತ್ಯಗತ್ಯದ ಹೊರತು ಕೊಡುವುದಿಲ್ಲ. ಔಷಧವಿಲ್ಲದ ಎಂಆರ್‌ಐ ಅವರಿಗೆ ಆಗಬಹುದು.

ಎಂಆರ್‌ಐ ಕೋಣೆಯ ಹೊರಗಿನ ದೃಶ್ಯವೊಂದು ನನ್ನ ಕಣ್ಣಿನಲ್ಲಿ ನಿಂತಿದೆ. ಲಿಂಗಸುಗೂರು ಕಡೆಯ ಅಜ್ಜಿಯೊಬ್ಬರು ಬೆಂಚಿನ ಮೇಲೆ ಕುಳಿತು, ಮದುವೆಯಾದಂದಿನಿಂದ ತೆಗೆಯದ ಕಾಲುಂಗುರವನ್ನು ಸೋಪು ನೀರು ಹಚ್ಚಿ ಬಿಡಿಸುತ್ತಿದ್ದರು. ಮೊಮ್ಮಗ ಅವರ ಮೂಗುತಿಯ ತಿರುಪನ್ನು ತಿರುಗಿಸುತ್ತಿದ್ದ. ತಾಳಿಗೆ ಕೈ ಹೋದಾಗ ಅಜ್ಜಿ ಅವನ ಕೈಯನ್ನು ತಡೆದು, "ಇದೊಂದು ಇರಲಿ ಬಿಡಪ್ಪಾ" ಎಂದರು. ಒಳಗಿನ ಹುಡುಗಿ ಬಂದು, "ಅಮ್ಮಾ, ಐದು ನಿಮಿಷ ಅರಿಷಿಣದ ದಾರ ಕಟ್ಟಿಕೊಳ್ರಿ, ಆಮೇಲೆ ಮತ್ತ ಹಾಕ್ಕೊಳ್ರಿ" ಎಂದು ತನ್ನ ಡ್ರಾಯರಿನಿಂದ ಹಳದಿ ದಾರವೊಂದನ್ನು ತೆಗೆದುಕೊಟ್ಟಳು. ಅಂತಹ ದಾರದ ಉಂಡೆಯನ್ನು ಆಕೆ ಇದಕ್ಕೆಂದೇ ಇಟ್ಟುಕೊಂಡಿದ್ದಳೆಂದು ತೋರುತ್ತದೆ. ಚಿನ್ನ ಬೆಳ್ಳಿಗಳನ್ನು ಅಯಸ್ಕಾಂತ ಸೆಳೆಯುವುದಿಲ್ಲವಾದರೂ ಬೆರಕೆ ಲೋಹವು ಬಿಸಿಯೇರಬಹುದು, ಚಿತ್ರವನ್ನು ಕೆಡಿಸಬಹುದು. ಗಂಡಸರ ಬೆಳ್ಳಿಯ ಉಡದಾರ, ತಾಯತ, ಹೇರ್‌ಪಿನ್ನು, ಮೊಬೈಲು, ಎಟಿಎಂ ಕಾರ್ಡು ಎಲ್ಲವೂ ಹೊರಗೇ ಉಳಿಯಬೇಕು.

ಇದಕ್ಕಿಂತ ಮುಖ್ಯವಾದದ್ದು ದೇಹದ ಒಳಗಿನ ಲೋಹ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು, ಹಿಂದೆ ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿಸಿಕೊಂಡವರು, ಕಿವಿಯೊಳಗೆ ಕಾಕ್ಲಿಯರ್ ಯಂತ್ರವಿರುವವರು ಮೊದಲೇ ತಿಳಿಸಿ, ಆ ಸಾಧನದ ಕಾರ್ಡನ್ನು ತೋರಿಸತಕ್ಕದ್ದು. ವೆಲ್ಡಿಂಗ್ ಕೆಲಸದವರೂ, ಗ್ರೈಂಡಿಂಗ್ ಚಕ್ರದ ಮುಂದೆ ಕುಳಿತವರೂ, ಹಟ್ಟಿ ಚಿನ್ನದ ಗಣಿಯಂತಹ ಎಡೆಯ ವರ್ಕ್‌ಶಾಪುಗಳಲ್ಲಿ ದುಡಿದವರೂ, ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನು ಮರೆಮಾಚಬಾರದು. ಇಪ್ಪತ್ತು ವರ್ಷದಿಂದ ಸುಮ್ಮನಿದ್ದ ಚೂರು ಅಯಸ್ಕಾಂತದ ಬಳಿ ಕದಲಿ ಕಣ್ಣನ್ನೇ ಕೆಡಿಸೀತು. ಸಂದೇಹವಿದ್ದರೆ ಕಣ್ಣಿನ ಗೂಡಿನ ಒಂದು ಸಾದಾ ಎಕ್ಸ್-ರೇ ಮೊದಲು ಸಾಕು. ಸುರಂಗದೊಳಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಸದ್ದು ಸಿಂಧನೂರಿನ ಅಕ್ಕಿ ಗಿರಣಿಯೊಳಗೆ ಕಿವಿಯಿಟ್ಟಂತೆ ಕೇಳಿಸುತ್ತದೆ, ಅದಕ್ಕೆ ಹತ್ತಿಯನ್ನೋ ಹೆಡ್‌ಫೋನನ್ನೋ ಕೊಡುತ್ತಾರೆ. ಎಳೆಯ ಮಕ್ಕಳಿಗೆ ಮಂಪರಿನ ಔಷಧ ಬೇಕಾಗುವುದರಿಂದ ಎಷ್ಟು ಹೊತ್ತು ಉಪವಾಸವಿರಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ಉಳಿದವುಗಳ ಮಾತು ಬೇಗ ಮುಗಿಯುತ್ತದೆ. ಬುರುಡೆಯ ಎಕ್ಸ್-ರೇ ಗಡ್ಡೆಯ ಶೋಧಕ್ಕೆ ನಿರುಪಯುಕ್ತ. ಇಇಜಿ ಎಂಬುದು ಫಿಟ್ಸಿನ ವಿದ್ಯುತ್ತನ್ನು ಬರೆಯುವುದೇ ಹೊರತು ಗಡ್ಡೆಯನ್ನು ತೋರಿಸುವುದಲ್ಲ. ಅಲ್ಟ್ರಾಸೌಂಡ್ ನಡೆಯುವುದು ನೆತ್ತಿ ಕೂಡದ ಹಸುಗೂಸುಗಳಿಗೆ ಮಾತ್ರ. ಪೆಟ್ ಸ್ಕ್ಯಾನು ಬಹು ದುಬಾರಿಯಾದದ್ದರಿಂದ ಅದೇ ಎಲ್ಲಕ್ಕಿಂತ "ದೊಡ್ಡದು" ಎಂಬ ಭ್ರಮೆ ಉಂಟು. ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವುದು ವಿಕಿರಣ ಬೆರೆಸಿದ ಸಕ್ಕರೆ, ಮೆದುಳೋ ತಾನೇ ಸಕ್ಕರೆಯನ್ನು ಹೇರಳವಾಗಿ ತಿನ್ನುವ ಅಂಗವಾದುದರಿಂದ ಇಡೀ ಮೆದುಳು ಬೆಳಗಿ ಗಡ್ಡೆಯು ಆ ಬೆಳಕಿನಲ್ಲಿ ಮರೆಯಾಗುತ್ತದೆ. ಬೇರೆ ಅಂಗದ ಕ್ಯಾನ್ಸರು ಮೆದುಳಿಗೆ ಹಬ್ಬಿರುವ ಶಂಕೆಯಿದ್ದು ಮೂಲವನ್ನು ದೇಹದಲ್ಲಿ ಹುಡುಕಬೇಕಾದಾಗ ಅದರ ಉಪಯೋಗ ನಿಜವಾಗಿ ಬರುತ್ತದೆ.

ನಮ್ಮ ರೈತರ ಮೂರನೆಯ ಸ್ಕ್ಯಾನಿನಲ್ಲಿ ಕಂಡದ್ದು ಒಂದು ಸಣ್ಣ ಉಂಗುರ, ಅದರೊಳಗೆ ಒಂದು ಚುಕ್ಕೆ. ಗಡ್ಡೆಯಲ್ಲ, ಲಾಡಿಹುಳುವಿನ ಮರಿ ಮೆದುಳಿನಲ್ಲಿ ಗೂಡು ಕಟ್ಟಿ ಸಾಯುತ್ತಿದ್ದ ಗುರುತು. ನಮ್ಮ ದೇಶದಲ್ಲಿ ಉಂಗುರದಂತೆ ಹೊಳೆಯುವ ಕಲೆ ಕಂಡೊಡನೆ ಗಡ್ಡೆಯೆಂದು ನಿರ್ಣಯಿಸಲಾಗದು. ಈ ಹುಳುವಿನ ಗಂಟೂ ಕ್ಷಯದ ಗಂಟೂ ಇಲ್ಲಿ ಸಾಮಾನ್ಯವಾದವು, ಎರಡೂ ಔಷಧದಿಂದ ವಾಸಿಯಾಗತಕ್ಕವು. ಹಂದಿಮಾಂಸ ತಿನ್ನದವರಿಗೂ, ಮಲಿನ ನೀರು ಮತ್ತು ತೊಳೆಯದ ಸೊಪ್ಪಿನ ಮೂಲಕ ಹುಳುವಿನ ಮೊಟ್ಟೆ ಹೊಟ್ಟೆಗೆ ಸೇರಿ, ಇದು ಬರುತ್ತದೆ. ಇಂತಹ ಕಲೆಯ ಮುಂದೆ ವೈದ್ಯರು ಎಂಆರ್‌ಐನಲ್ಲಿಯೇ ಡಿಫ್ಯೂಷನ್, ಪರ್‌ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಎಂಬ ಹೆಚ್ಚಿನ ಚಿತ್ರಗಳನ್ನು ಕೇಳಿದರೆ ಅದು ರೊಕ್ಕ ಸುಲಿಯುವ ಹೂಟವೆಂದು ಮುನಿಯಬೇಡಿ. ಕೀವಿನ ಗಂಟೆ, ಕ್ಷಯವೆ, ಗಡ್ಡೆಯೆ ಎಂಬುದನ್ನು ಬೇರ್ಪಡಿಸುವ ಯತ್ನವದು.

ಯತ್ನವೆಂದೇ ಹೇಳಿದೆ, ಏಕೆಂದರೆ ಸ್ಕ್ಯಾನು ಕೊಡುವುದು ಬಲವಾದ ಊಹೆಯನ್ನೇ ಹೊರತು ಕೊನೆಯ ನಿರ್ಣಯವನ್ನಲ್ಲ. ಮಸ್ಕಿಯವರಿಗೆ ಇದನ್ನು ತಿಳಿಸಲು ಊರಿನ ಗುಡ್ಡವೇ ಸಾಕು. ದೇವಾನಾಂಪ್ರಿಯ ಎಂದು ತನ್ನನ್ನು ಕರೆದುಕೊಂಡ ಅರಸನ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ 1837ರ ಸುಮಾರಿಗೇ ಓದಿದ್ದರೂ, ಆತನು ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ಆಧಾರದ ಬಲವಾದ ಊಹೆಯಾಗಿಯೇ ಇತ್ತು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬಂಡೆಯನ್ನು ಕಂಡ ಮೇಲೆ, ಅದರಲ್ಲಿ ಅಶೋಕನೆಂಬ ಹೆಸರೇ ಸಿಕ್ಕಿ ಸಂದೇಹವು ಹರಿಯಿತು. ರೇಡಿಯಾಲಜಿಸ್ಟರ ವರದಿಯೂ ಪ್ರಿನ್ಸೆಪ್ಪನ ಕಾಲದ ಓದು: "ಗ್ಲಯೋಮಾ (ಮೆದುಳಿನ ಒಂದು ಬಗೆಯ ಗಡ್ಡೆ) ಇರಬಹುದು" ಎಂಬಲ್ಲಿ ಬಲವಾದ ಊಹೆಯಿದೆ, ಹೆಸರಿಲ್ಲ. ಹೆಸರು ಬರುವುದು ಶಸ್ತ್ರವೈದ್ಯರು ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದಾಗ, ಎಂದರೆ ಬಯಾಪ್ಸಿಯಲ್ಲಿ. ಬೀಡನ್ ಕಥೆಯಲ್ಲಿ ಇನ್ನೊಂದು ಮಾತೂ ಇದೆ: ಹುಡುಕಿದ್ದು ಒಂದು, ಸಿಕ್ಕಿದ್ದು ಒಂದು. ಸ್ಕ್ಯಾನಿನಲ್ಲಿಯೂ ನೋವಿಗೆ ಸಂಬಂಧವೇ ಇಲ್ಲದ ನೀರುಗುಳ್ಳೆಯೋ ಸೈನಸ್ಸಿನ ಊತವೋ ಬರೆಯಲ್ಪಟ್ಟಿರುತ್ತದೆ. ವರದಿಯ ಒಂದೊಂದು ಸಾಲಿಗೂ ಬೆಚ್ಚಬೇಕಾದದ್ದಿಲ್ಲ.

ಹೊರಡುವ ಮೊದಲು ಕೈಯಲ್ಲಿರಬೇಕಾದದ್ದು ಸರಿಯಾಗಿ ಬರೆದ ಚೀಟಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಿಂದಲೂ ರಾಯಚೂರು ಸುಮಾರು 80-90 ಕಿಲೋಮೀಟರಿನ ದಾರಿ. ಎರಡು ಸಲ ಹೋಗುವುದು ಒಂದು ಸಲವಾದರೆ ಅದೇ ಲಾಭ. ತಾಲ್ಲೂಕಿನ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು, ಲಕ್ಷಣವೇನು, ಎಂದಿನಿಂದ, ಯಾವ ಮಗ್ಗುಲು, ಸಂದೇಹವೇನು, ಕಾಂಟ್ರಾಸ್ಟ್ ಬೇಕೆ ಎಂಬುದನ್ನು ಬರೆಸಿಕೊಳ್ಳಿ. ಪಿಟ್ಯುಟರಿಯ ಸಂದೇಹವಿದ್ದರೆ, ಕಿವಿಯ ನರದ ಸಂದೇಹವಿದ್ದರೆ, ಅದನ್ನು ಹೆಸರಿಟ್ಟೇ ಬರೆಸಬೇಕು, ಏಕೆಂದರೆ ಅವುಗಳಿಗೆ ಆ ಎಡೆಯನ್ನೇ ತೆಳುವಾಗಿ ಸೀಳಿ ನೋಡುವ ಬೇರೆ ಕ್ರಮವುಂಟು. ರಾಯಚೂರಿನ ರಿಮ್ಸ್‌ನಂತಹ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರವಿದ್ದರೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಹಾದಿಯೂ ಸುಗಮವಾಗುತ್ತದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಗಡ್ಡೆಯೆಂದು ಬಲವಾಗಿ ಕಂಡರೆ ಮುಂದಿನ ದಾರಿ ನರಶಸ್ತ್ರವೈದ್ಯರಿರುವ ಎಡೆಗೆ, ಬಹಳ ಮಂದಿಗೆ ಅದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಮೊದಲು ಕೇಳುವುದು ಹಳೆಯ ಚಿತ್ರಗಳನ್ನೇ, ಫಿಲ್ಮಿನೊಡನೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಫಿಲ್ಮಿನಲ್ಲಿ ಆರಿಸಿದ ಕೆಲವೇ ಚಿತ್ರಗಳಿದ್ದರೆ ಸಿ.ಡಿ.ಯಲ್ಲಿ ಎಲ್ಲವೂ ಇರುತ್ತವೆ.

ನಮ್ಮ ಸಂಬಂಧಿಕರ ಮೂರು ಕವರುಗಳು ಈಗ ಅವರ ಅಟ್ಟದ ಟ್ರಂಕಿನ ಮೇಲೆ, ಹತ್ತಿಯ ಬೀಜದ ಚೀಲದ ಪಕ್ಕದಲ್ಲಿವೆ. ಮೊನ್ನೆ ಹೋದಾಗ ನೋಡಿದೆ: ಮೊಮ್ಮಗಳು ಶಾಲೆಯ ಸ್ಕೆಚ್ ಪೆನ್ನಿನಿಂದ ಒಂದೊಂದರ ಮೇಲೂ ತಾರೀಖನ್ನು ದೊಡ್ಡದಾಗಿ ಬರೆದಿದ್ದಾಳೆ, ಮೂರನೆಯದರ ಮೇಲೆ ಮಾತ್ರ "ಇಂಜೆಕ್ಷನ್ ಕೊಟ್ಟಿದ್ದು" ಎಂದು.